ಹಾಲಿನ ಡೇರಿ ಕೋಣೆಯಲ್ಲಿ ಲೈಬ್ರರಿ: ಮೊದಲು ಯಾವ ಪುಸ್ತಕ?

ಪ್ರಶ್ನೆ: ಮೇಡಂ, ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಸುಮಾರು ಇನ್ನೂರು ಮನೆ. ತೆಂಗು, ರಾಗಿ, ಹಸು, ಇಷ್ಟೇ ನಮ್ಮ ಬದುಕು. ಹಾಲಿನ ಡೇರಿ ಪಕ್ಕದ ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆ ಕೋಣೆ ಖಾಲಿ ಬಿದ್ದಿದೆ. ಅಲ್ಲಿ ಲೈಬ್ರರಿ ಮಾಡೋಣ ಅಂತ ಏಳೆಂಟು ಜನ ಸೇರಿ 30,000 ರೂಪಾಯಿ ಕೂಡಿಸಿದ್ದೇವೆ. ಈಗ ಜಗಳ ಶುರುವಾಗಿದೆ. ಕೃಷಿ, ಆರೋಗ್ಯ, ಕೆಲಸದ ಪರೀಕ್ಷೆ, ಇಂಥ ಉಪಯೋಗಕ್ಕೆ ಬರುವ ಪುಸ್ತಕ ಮಾತ್ರ ಸಾಕು, ಕತೆ ಕವನ ಯಾರು ಓದ್ತಾರೆ ಅಂತ ಕೆಲವರ ವಾದ. ನಮ್ಮೂರ ಮೇಷ್ಟ್ರು ಜ್ಞಾನಪೀಠ ಬಂದವರ ಪುಸ್ತಕ ಎಲ್ಲಾ ಇರಲೇಬೇಕು ಅಂತಾರೆ. ಯಾವ ಥರದ ಪುಸ್ತಕ ಎಷ್ಟು ತಗೋಬೇಕು, ಒಂದು ದಾರಿ ಹೇಳಿ.

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಮೂವತ್ತು ಸಾವಿರವನ್ನೂ ಒಂದೇ ಸಲ ಖರ್ಚು ಮಾಡಬೇಡಿ. 20,000ಕ್ಕೆ ಪುಸ್ತಕ ತನ್ನಿ. 10,000 ಹಾಗೇ ಇಟ್ಟುಕೊಳ್ಳಿ, ಆರು ತಿಂಗಳು ಮುಟ್ಟಬೇಡಿ. ಒಂದು ಪುಸ್ತಕಕ್ಕೆ ಸರಾಸರಿ 150ರಿಂದ 200 ರೂಪಾಯಿ ಹಿಡಿದರೂ ಮೊದಲ ಕಂತಿನಲ್ಲಿ ಹೆಚ್ಚುಕಡಿಮೆ ನೂರು ಪುಸ್ತಕ ಬರುತ್ತವೆ. ಶುರು ಮಾಡೋಕೆ ಅಷ್ಟು ಧಾರಾಳ ಸಾಕು.

ಇನ್ನು ನಿಮ್ಮ ಜಗಳ. ನಾನು ತಾಲ್ಲೂಕು ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಕೂತು ನೋಡಿದ್ದೇನೆ. ಉಪಯುಕ್ತ ಪುಸ್ತಕ ಒಂದು ಕಡೆ, ಕತೆ ಕವನ ಇನ್ನೊಂದು ಕಡೆ ಅಂತ ಗೆರೆ ಎಳೆದರೆ ಕೆಲಸ ಕೆಡುತ್ತದೆ. ಅದರ ಬದಲು ಜನ ಆ ಪುಸ್ತಕವನ್ನು ಹೇಗೆ ಬಳಸುತ್ತಾರೆ ಅಂತ ನೋಡಿ. ಕೃಷಿ ಪುಸ್ತಕವನ್ನು ನಿಂತುಕೊಂಡೇ ಓದುತ್ತಾರೆ. ಕಾದಂಬರಿ ಮನೆಗೆ ಹೋಗುತ್ತದೆ, ಅಲ್ಲಿ ನಾಲ್ಕು ಕೈ ದಾಟಿ ತಿಂಗಳ ಮೇಲೆ ವಾಪಸ್ ಬರುತ್ತದೆ. ಕವನದ ಪುಸ್ತಕವನ್ನು ಒಬ್ಬನೇ ಮನುಷ್ಯ ಹತ್ತು ಸಲ ಬಂದು ತೆಗೆಯುತ್ತಾನೆ. ಮಕ್ಕಳ ಪುಸ್ತಕ ಹರಿದುಹೋಗುತ್ತದೆ. ಇಷ್ಟು ಗೊತ್ತಿದ್ದರೆ ಯಾವುದು ಎಷ್ಟು ಅನ್ನುವುದು ತಾನೇ ಗೊತ್ತಾಗುತ್ತದೆ.

ತೆಂಗಿಗೆ ನುಸಿ ಬಿತ್ತು ಅಂತಿಟ್ಟುಕೊಳ್ಳಿ. ರೈತ ಬಂದು ಪುಸ್ತಕ ತೆಗೆದು ಆ ಪುಟ ಹುಡುಕುತ್ತಾನೆ. ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಹೊರಡುತ್ತಾನೆ. ಇಡೀ ಪುಸ್ತಕ ಅವನಿಗೆ ಬೇಡ. ಅಂದಮೇಲೆ ಇಂಥವು ಸಂಖ್ಯೆಯಲ್ಲಿ ಕಡಿಮೆ ಇದ್ದರೂ ನಡೆಯುತ್ತದೆ. ಆದರೆ ಅವನು ಬಂದಾಗ ಪುಸ್ತಕ ಅಲ್ಲೇ ಇರಬೇಕು. ಅದಕ್ಕೇ ಇವನ್ನು ಮನೆಗೆ ಕೊಡಬೇಡಿ, ಕೋಣೆಯಲ್ಲೇ ಇಟ್ಟುಕೊಳ್ಳಿ. ಇಪ್ಪತ್ತೈದು ಪುಸ್ತಕ ಸಾಕು, ಹೆಚ್ಚೆಂದರೆ 4,500 ರೂಪಾಯಿ. ಕತೆ ಕಾದಂಬರಿ ಹಾಗಲ್ಲ. ಒಂದು ಹೊರಗೆ ಹೋದರೆ ಆ ಜಾಗ ಖಾಲಿ, ಆಗ ಬಂದವರಿಗೆ ಇನ್ನೊಂದು ಬೇಕು. ಅದಕ್ಕೆ 6,000 ಇಡಿ. ಮಕ್ಕಳ ಪುಸ್ತಕಕ್ಕೆ ಇನ್ನೊಂದು 6,000. ಕವನ, ವಚನ, ಹಳೆಗಾಲದ ಪದ್ಯ ಎಲ್ಲಾ ಸೇರಿ 2,000. ಉಳಿದ 1,500ಕ್ಕೆ ನಿಘಂಟು ಮತ್ತು ಗೋಡೆಗೆ ಹಾಕುವ ಭೂಪಟಗಳು.

ಉಪಯುಕ್ತ ಪುಸ್ತಕ ಆರಿಸುವಾಗ ಮೊದಲು ನೋಡಬೇಕಾದದ್ದು ಹೆಸರಲ್ಲ, ಮುದ್ರಣದ ವರ್ಷ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಒಬ್ಬ ರೈತರು ನಮ್ಮ ಲೈಬ್ರರಿಯ ಹಳೆ ಪುಸ್ತಕ ನೋಡಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿದ್ದರು. ಅದನ್ನು 2011ರಲ್ಲೇ ಸುಪ್ರೀಂ ಕೋರ್ಟ್ ನಿಷೇಧಿಸಿತ್ತು. ಅಂಗಡಿಯವನು ನಕ್ಕು ಕಳಿಸಿದನಂತೆ. ನಕ್ಕಿದ್ದು ಅವರನ್ನಲ್ಲ, ನನ್ನನ್ನು. ಆ ಪುಸ್ತಕ ರ‍್ಯಾಕಿನಲ್ಲಿ ಇಟ್ಟವಳು ನಾನೇ ಅಲ್ವಾ? ಆರೋಗ್ಯದ ಪುಸ್ತಕಗಳೂ ಹೀಗೇ. ಹಾವು ಕಚ್ಚಿದರೆ ಗಾಯ ಕುಯ್ದು ರಕ್ತ ಹೀರಿ, ಬಿಗಿಯಾಗಿ ಕಟ್ಟು ಹಾಕಿ ಅಂತ ಬರೆದ ಪುಸ್ತಕ ಯಾರಾದರೂ ದಾನ ಕೊಟ್ಟರೆ ರದ್ದಿಗೆ ಹಾಕಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿ ಅನ್ನುವುದೇ ಈಗಿನ ಸಲಹೆ. ಹಳೆ ಕಾದಂಬರಿ ಚಿನ್ನ, ಹಳೆ ವೈದ್ಯದ ಪುಸ್ತಕ ಅಪಾಯ.

ಕೃಷಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪ್ರಕಟಣೆಗಳನ್ನೇ ಮೊದಲು ಕೇಳಿ. ರಾಗಿಗೆ, ತೆಂಗಿಗೆ ಯಾವ ತಳಿ, ಎಷ್ಟು ಗೊಬ್ಬರ, ಯಾವ ರೋಗಕ್ಕೆ ಏನು ಅಂತ ಸೀದಾ ಸೀದಾ ಇರುತ್ತದೆ. ಬೆಲೆಯೂ ಕಡಿಮೆ. ಕೃಷಿ ಮೇಳಕ್ಕೆ ನಿಮ್ಮವರು ಯಾರಾದರೂ ಹೋದರೆ ಅಲ್ಲೇ ತರಬಹುದು. ಓದಲು ರುಚಿ ಇರುವಂಥದ್ದು ಬೇಕು ಅಂದರೆ 'ಅಡಿಕೆ ಪತ್ರಿಕೆ'ಯ ಹಳೆ ಸಂಚಿಕೆಗಳನ್ನು ಹುಡುಕಿ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದದ್ದು. ಅದರ ವಿಶೇಷ ಏನೆಂದರೆ ರೈತರ ಕೈಯಲ್ಲೇ ಬರೆಸುತ್ತಿದ್ದರು. ಹೆಸರಿನಲ್ಲಿ ಅಡಿಕೆ ಇದ್ದರೂ ಒಳಗೆ ಹಲಸು, ನೀರಿಂಗಿಸುವುದು, ಕೈಯುಪಕರಣ, ಎಲ್ಲಾ ಇದೆ. ನಿಮ್ಮ ಜಿಲ್ಲೆಯ ಚೇಳೂರು ಹಲಸಿನ ಸೀಮೆಯೇ, ನಿಮಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ.

ನೀವು ಕೇಳದ ಒಂದು ಪುಸ್ತಕ ಹೇಳುತ್ತೇನೆ. ಪಹಣಿ, ಮ್ಯುಟೇಶನ್, ಪೋಡಿ, ಖಾತೆ, ವಿಲ್ಲು, ಪಾಲು ಇವನ್ನೆಲ್ಲ ಸರಳ ಕನ್ನಡದಲ್ಲಿ ವಿವರಿಸುವ ಒಂದು ಹೊಸ ಪುಸ್ತಕ ತಂದಿಡಿ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಬಗ್ಗೆ ಒಂದು ಚಿಕ್ಕ ಪುಸ್ತಕ. ನಮ್ಮಲ್ಲಿ ಎಲ್ಲಕ್ಕಿಂತ ಬೇಗ ಬೈಂಡು ಕಿತ್ತುಹೋದದ್ದು ಜಮೀನಿನ ದಾಖಲೆಯ ಪುಸ್ತಕವೇ. ಅದನ್ನು ಓದಲು ಬಂದವರು ಯಾರೂ ಲೈಬ್ರರಿಗೆ ಬಂದು ರೂಢಿ ಇದ್ದವರಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಈ ದುಡ್ಡು ಹಾಕಬೇಡಿ. ಒಂದೇ ವರ್ಷಕ್ಕೆ ಹಳಸುತ್ತವೆ, ಬೆಲೆಯೂ ಜಾಸ್ತಿ. ಅದರ ಬದಲು 6ರಿಂದ 10ನೇ ತರಗತಿಯ ಸಮಾಜ, ವಿಜ್ಞಾನ, ಗಣಿತದ ಪಠ್ಯಪುಸ್ತಕ ಒಂದೊಂದು ಸೆಟ್ ಇಡಿ. ಪಾಸಾದ ಮಕ್ಕಳ ಮನೆಯಲ್ಲಿ ಕೇಳಿದರೆ ಪುಕ್ಕಟೆ ಸಿಗುತ್ತವೆ. ತಯಾರಿ ಮಾಡುವ ಹುಡುಗರು ಮೊದಲು ಓದಬೇಕಾದದ್ದೂ ಅದನ್ನೇ. ಒಂದು ದಿನಪತ್ರಿಕೆ ತರಿಸಿ. ಪೇಪರಿಗೆ ಅಂತ ಬರುವ ಹಿರಿಯರಿಂದ ಕೋಣೆಗೆ ಜನ ಇದ್ದಾರೆ ಅನ್ನುವ ಕಳೆ ಬರುತ್ತದೆ.

ಈಗ ಕತೆಗೆ ಬರೋಣ. ಯಾರು ಓದ್ತಾರೆ ಅಂತ ಕೇಳಿದವರಿಗೆ ಒಂದು ಘಟನೆ ಹೇಳಿ. ಒಮ್ಮೆ ಒಬ್ಬರು ಮನೆ ಖಾಲಿ ಮಾಡುವಾಗ ಎರಡು ಗೋಣಿಚೀಲ ಪುಸ್ತಕ ನಮ್ಮಲ್ಲಿ ತಂದು ಸುರಿದರು. ಮುಕ್ಕಾಲು ಪಾಲು ಹಳೇ ಗೈಡು, ಕಂಪನಿ ಡೈರಿ. ತಳದಲ್ಲಿ ದಾರ ಹಾಕಿ ಹೊಲಿದ ನಾಲ್ಕು ದಪ್ಪ ಕಟ್ಟುಗಳಿದ್ದವು. ಆ ಮನೆಯ ಅಜ್ಜಿ ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ವಾರ ವಾರ ಹರಿದು ಜೋಡಿಸಿ ಮನೆಯಲ್ಲೇ ಬೈಂಡು ಮಾಡಿದ್ದು. ಆಗ ತುಂಬಾ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು. ಹೆಸರೂ ಇಲ್ಲ, ರಟ್ಟೂ ಇಲ್ಲ. ಆ ನಾಲ್ಕು ಕಟ್ಟು ಮೂರು ವರ್ಷ ರ‍್ಯಾಕಿನಲ್ಲಿ ಕೂರಲೇ ಇಲ್ಲ. ಒಬ್ಬರು ತಂದುಕೊಡುವಾಗ ಇನ್ನೊಬ್ಬರು ಕಾದು ನಿಂತಿರುತ್ತಿದ್ದರು.

ಹಾಗಾಗಿ ಮೊದಲ ಕಂತಿನಲ್ಲಿ ಎಳೆದುಕೊಂಡು ಹೋಗುವ ಪುಸ್ತಕಗಳಿರಲಿ. ತ್ರಿವೇಣಿಯವರ 'ಶರಪಂಜರ', 'ಬೆಳ್ಳಿಮೋಡ' ತನ್ನಿ. ಸಿನಿಮಾ ನೋಡಿದವರೆಲ್ಲ ಕೈ ಹಾಕುತ್ತಾರೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇರಲಿ. ತೇಜಸ್ವಿಯವರ 'ಕರ್ವಾಲೊ' 1980ರದು, ಇವತ್ತಿಗೂ ಪಿಯುಸಿ ಹುಡುಗರಿಗೆ ಮೊದಲು ಕೊಡಬೇಕಾದ ಪುಸ್ತಕ ಅದೇ ಅಂತ ನನ್ನ ಲೆಕ್ಕ. ಹಾರುವ ಓತಿಯ ಹಿಂದೆ ಬಿದ್ದ ವಿಜ್ಞಾನಿ, ಶುದ್ಧ ಉಡಾಳ ಅಂತ ಊರು ತಿಳಿದುಕೊಂಡಿರುವ ಮಂದಣ್ಣ, ಇಬ್ಬರ ನಡುವೆ ಸಿಕ್ಕಿಕೊಂಡ ರೈತ. ನೂರೈವತ್ತು ಚಿಲ್ಲರೆ ಪುಟ, ಓದುವುದೇ ಅಭ್ಯಾಸ ಇಲ್ಲದವರೂ ಮುಗಿಸುತ್ತಾರೆ. ಅವರದೇ 'ಜುಗಾರಿ ಕ್ರಾಸ್' ಎರಡು ಪ್ರತಿ ತಂದರೂ ತಪ್ಪಿಲ್ಲ.

ಭೈರಪ್ಪನವರದು ಅಂದರೆ ಎಲ್ಲರೂ 'ಪರ್ವ' ಅಂತಾರೆ. ನಿಮ್ಮೂರಿಗೆ ಮೊದಲು 'ಗೃಹಭಂಗ' ತನ್ನಿ. ತಿಪಟೂರು, ಚನ್ನರಾಯಪಟ್ಟಣ ಸೀಮೆಯದೇ ಕತೆ. ಪ್ಲೇಗು, ಶಾನುಭೋಗಿಕೆ ಲೆಕ್ಕ, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವ ನಂಜಮ್ಮ. ನಿಮ್ಮೂರ ಅಜ್ಜಿಯರಿಗೆ ಓದಿ ಹೇಳಿದರೆ ಮಧ್ಯದಲ್ಲೇ ತಡೆದು ತಮ್ಮ ಕತೆ ಶುರು ಮಾಡುತ್ತಾರೆ, ನೋಡಿ. ದೇವನೂರ ಮಹಾದೇವರ 'ಕುಸುಮಬಾಲೆ' ಶ್ರೇಷ್ಠ ಪುಸ್ತಕವೇ, ಆದರೆ ಆ ಭಾಷೆಗೆ ಪಳಗಬೇಕು. ಕಳೆದುಹೋದ ಹುಂಜಕ್ಕಾಗಿ ಇಡೀ ಕೇರಿಯನ್ನೇ ತರಾಟೆಗೆ ತಗೊಳ್ಳುವ ಸಾಕವ್ವನ 'ಒಡಲಾಳ' ಮೊದಲು ಬರಲಿ. ಬಾನು ಮುಷ್ತಾಕ್ ಅವರ ಕತೆಗಳ ಒಂದು ಸಂಕಲನವನ್ನೂ ತನ್ನಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕೇಳುವವರು ಇದ್ದೇ ಇರುತ್ತಾರೆ. ಅವರು ನಿಮ್ಮ ಪಕ್ಕದ ಹಾಸನದವರೇ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಕಂಡರೆ ಬಿಡಬೇಡಿ. ಐನೂರಕ್ಕೂ ಹೆಚ್ಚು ಬರೆದವರು. ಸಾಹಿತ್ಯ ಹೌದೋ ಅಲ್ಲವೋ ಅಂತ ಮೇಷ್ಟ್ರು ಕೇಳಬಹುದು. ಕೇಳಲಿ ಬಿಡಿ. ಒಂದು ಕಾಲದ ಕನ್ನಡಿಗರಿಗೆ ಪುಸ್ತಕದ ಚಟ ಹತ್ತಿಸಿದ್ದು ಪತ್ತೇದಾರ ಪುರುಷೋತ್ತಮನೇ.

ಮೇಷ್ಟ್ರ ಮಾತನ್ನು ತಳ್ಳಿಹಾಕುತ್ತಿಲ್ಲ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿರುವುದು ಹೆಮ್ಮೆಯೇ. ಆದರೆ ಪ್ರಶಸ್ತಿಯ ಲೆಕ್ಕದಲ್ಲಿ ಕೊಂಡರೆ ಗೋಕಾಕರ 'ಭಾರತ ಸಿಂಧು ರಶ್ಮಿ'ಯೂ ಬೇಕಾಗುತ್ತದೆ. ಸುಮಾರು 35,000 ಸಾಲಿನ ಮಹಾಕಾವ್ಯ. ಮೊದಲ ವರ್ಷ ಅದನ್ನು ಮುಟ್ಟುವುದು ಧೂಳು ಮಾತ್ರ. ಕಾರಂತರ 'ಚೋಮನ ದುಡಿ', ಮಾಸ್ತಿಯವರ ಸಣ್ಣಕತೆಗಳು, ಅನಂತಮೂರ್ತಿಯವರ 'ಸಂಸ್ಕಾರ', ಇವು ತೆಳ್ಳಗಿನ ಪುಸ್ತಕಗಳು. ಇವನ್ನು ತನ್ನಿ. 'ಮಲೆಗಳಲ್ಲಿ ಮದುಮಗಳು' ಎರಡನೇ ಕಂತಿಗೆ. ಯಾರಾದರೂ ಒಬ್ಬರು ಬಂದು ಅದು ಇದೆಯಾ ಅಂತ ಕೇಳುತ್ತಾರೆ. ಆಗ ತನ್ನಿ.

ಇನ್ನು ನಿಮ್ಮ ಗುಂಪಿನವರು ಎಳೆದ ಗೆರೆ. ಪ್ರಯೋಜನದ ಪುಸ್ತಕ ಬೇರೆ, ಕಾವ್ಯ ಬೇರೆ ಅಂತ. ಕನ್ನಡದಲ್ಲಿ ಈ ಗೆರೆ ತೀರಾ ಈಚಿನದು. ಎರಡನೆಯ ಚಾವುಂಡರಾಯ ಅಂತ ಒಬ್ಬ, ಸುಮಾರು 1025ರಲ್ಲಿ 'ಲೋಕೋಪಕಾರ' ಬರೆದ. ಬಾವಿ ಎಲ್ಲಿ ತೋಡಿದರೆ ನೀರು ಬರುತ್ತದೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ದನಕ್ಕೆ ಏನು ಮದ್ದು, ಅಡುಗೆ ಹೇಗೆ, ಸುಗಂಧ ಹೇಗೆ ಮಾಡಬೇಕು, ಎಲ್ಲಾ ಇದೆ. ಅದೂ ಪದ್ಯದಲ್ಲಿ! ಹನ್ನೆರಡನೇ ಶತಮಾನದ ರಾಜಾದಿತ್ಯ ವ್ಯವಹಾರದ ಗಣಿತವನ್ನೇ ಪದ್ಯ ಮಾಡಿದ. ಹದಿನಾಲ್ಕನೇ ಶತಮಾನದಲ್ಲಿ ಮಂಗರಾಜ ಬರೆದ 'ಖಗೇಂದ್ರಮಣಿದರ್ಪಣ' ವಿಷಕ್ಕೆ ಮದ್ದು ಹೇಳುವ ಪುಸ್ತಕ, ಅದೂ ಕಾವ್ಯವೇ. ಇನ್ನೂ ಮಜಾ ಅಂದರೆ ಮಂಗರಸನ 'ಸೂಪಶಾಸ್ತ್ರ'. ಹದಿನಾರನೇ ಶತಮಾನದ ಅಡುಗೆ ಪುಸ್ತಕ. ನಿಮ್ಮ ತಾತಂದಿರು ಜಗಲಿಯಲ್ಲಿ ಕೂತು ಓದಿಸುತ್ತಿದ್ದ 'ಜೈಮಿನಿ ಭಾರತ' ಇದೆಯಲ್ಲ, ಅದೇ ವಾರ್ಧಕ ಷಟ್ಪದಿಯಲ್ಲಿ ರೊಟ್ಟಿ, ಕಡುಬು, ಬದನೆಕಾಯಿ. ಯಾಕೆ ಹೀಗೆ ಮಾಡಿದರು? ಪದ್ಯವಾದರೆ ಬಾಯಿಪಾಠವಾಗುತ್ತದೆ. ಓಲೆಗರಿ ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ, ಬಾಯಿ ಎಲ್ಲರಿಗೂ ಇತ್ತು. ಇವನ್ನು ಕೊಳ್ಳಿ ಅಂತ ಹೇಳುತ್ತಿಲ್ಲ, ಮೊದಲ ಕಂತಿಗೆ ಬೇಡವೇ ಬೇಡ. ಅದರ ವೈದ್ಯವನ್ನಂತೂ ಯಾರೂ ಪ್ರಯೋಗ ಮಾಡಬಾರದು. ಜಗಳದ ಸಭೆಯಲ್ಲಿ ಹೇಳೋಕೆ ಒಂದು ಮಾತು ಇರಲಿ ಅಂತ ಅಷ್ಟೇ.

ಕವನಕ್ಕೆ ಇಟ್ಟ 2,000ದಲ್ಲಿ ಸರ್ವಜ್ಞ, ವಚನಗಳ ಒಂದು ಒಳ್ಳೆಯ ಸಂಗ್ರಹ, ದಾಸರ ಪದಗಳು ಬರಬೇಕು. ಇವು ಊರಿನ ಬಾಯಲ್ಲಿ ಆಗಲೇ ಇರುವಂಥವು. 'ಮಂಕುತಿಮ್ಮನ ಕಗ್ಗ'ವನ್ನು ಅರ್ಥ ಸಹಿತ ಇರುವ ಮುದ್ರಣದಲ್ಲಿ ತನ್ನಿ. 1943ರ ಪುಸ್ತಕ, 945 ಪದ್ಯ. ಯಾರೂ ಮೊದಲಿನಿಂದ ಕೊನೆಗೆ ಓದುವುದಿಲ್ಲ. ಬಂದವರು ಒಂದು ಪುಟ ತೆಗೆದು ನಾಲ್ಕು ಸಾಲು ಓದಿ ಮುಚ್ಚಿಟ್ಟು ಹೋಗುತ್ತಾರೆ. ನಾಳೆ ಮತ್ತೆ ಬರುತ್ತಾರೆ. ಕೆ.ಎಸ್.ನ. ಅವರ 'ಮೈಸೂರು ಮಲ್ಲಿಗೆ'ಯ ಹಾಡುಗಳು ಕಿವಿಗೆ ಗೊತ್ತಿರುತ್ತವೆ, ಪುಸ್ತಕದಲ್ಲಿ ನೋಡಿದಾಗ ಜನಕ್ಕೆ ಏನೋ ಖುಷಿ. ಬೇಂದ್ರೆಯವರ ಆಯ್ದ ಕವನಗಳನ್ನು ಜೋರಾಗಿ ಓದಬಲ್ಲ ಒಬ್ಬರು ಊರಲ್ಲಿದ್ದರೆ ಕೊಳ್ಳಿ. ಮನಸ್ಸಿನಲ್ಲೇ ಓದಿಕೊಂಡರೆ ಧಾರವಾಡದ ಆ ಕನ್ನಡ ನಿಮ್ಮ ಕಡೆಯವರಿಗೆ ಅರ್ಧವೂ ಸಿಗುವುದಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದದ್ದು, ತೆಳು ಪುಸ್ತಕ. ಅದು ಇಲ್ಲದೆ ಕನ್ನಡ ಕವನದ ರ‍್ಯಾಕ್ ಅಪೂರ್ಣ ಅಂತ ನನ್ನ ಅಭಿಪ್ರಾಯ. ಊರಲ್ಲಿ ಯಾರಾದರೂ ಮುಖ ಸಿಂಡರಿಸಿದರೆ, ಲೈಬ್ರರಿ ಯಾರದು ಅಂತ ಮೊದಲ ದಿನವೇ ಮಾತಾಡಿಕೊಳ್ಳುವುದು ಒಳ್ಳೆಯದು.

ಜೋಡಿಸುವಾಗ ಒಂದು ತಮಾಷೆ ಆಗುತ್ತದೆ. ಅನುಪಮಾ ನಿರಂಜನ ಅವರನ್ನೇ ತಗೊಳ್ಳಿ. ವೃತ್ತಿಯಲ್ಲಿ ಡಾಕ್ಟರು. ಬಸುರಿ ಬಾಣಂತಿಯರಿಗೆ 'ತಾಯಿ ಮಗು' ಬರೆದರು. ಮಕ್ಕಳಿಗೆ ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಸಂಪುಟದಂತೆ 'ದಿನಕ್ಕೊಂದು ಕಥೆ' ಕೊಟ್ಟರು. ಕಾದಂಬರಿಗಳನ್ನೂ ಬರೆದರು. ಅವರು ಯಾವ ರ‍್ಯಾಕಿಗೆ? ಡಿವಿಜಿಯವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನದ ಪ್ರಾಧ್ಯಾಪಕರು. ಅವರ 'ಹಸುರು ಹೊನ್ನು'ವಿನಲ್ಲಿ ಗಿಡಮರಗಳ ಪಾಠವೂ ಇದೆ, ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ನಗೆಯ ಕತೆಯೂ ಇದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನವಾ, ಸಾಹಿತ್ಯವಾ? ನಾನು ಕತೆಗಳ ಪಕ್ಕ ಇಡುತ್ತಿದ್ದೆ. ಕತೆ ಅಂತ ತಗೊಂಡು ಹೋದವರು ಗಿಡದ ಹೆಸರು ಕಲಿತು ಬರಲಿ ಅಂತ. ದೊಡ್ಡ ಲೈಬ್ರರಿಯ ಅಂಕಿ ಸಂಖ್ಯೆಯ ವರ್ಗೀಕರಣ ನಿಮಗೆ ಬೇಡ. ಬೆನ್ನಿಗೆ ಬಣ್ಣದ ಟೇಪು ಅಂಟಿಸಿ, ಕತೆಗೆ ಕೆಂಪು, ಮಕ್ಕಳಿಗೆ ಹಳದಿ, ಹೀಗೆ. ಮನೆಗೆ ಕೊಡದ ಪುಸ್ತಕಕ್ಕೆ ಕಪ್ಪು. ಓದು ಬಾರದವರೂ ವಾಪಸ್ ಸರಿಯಾದ ಜಾಗಕ್ಕೆ ಇಡುತ್ತಾರೆ.

ಮಕ್ಕಳ ಪುಸ್ತಕವನ್ನು ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ, ದಯವಿಟ್ಟು. ನೆಲದ ಮೇಲೆ ಚಾಪೆ, ಕೈಗೆ ಎಟುಕುವ ಎತ್ತರದಲ್ಲಿ ಪುಸ್ತಕ. ಹರಿದರೆ ಹರಿಯಲಿ, 6,000 ಇಟ್ಟಿರುವುದೇ ಅದಕ್ಕೆ. ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಮೂರೂ ಕಡೆ ಕಡಿಮೆ ಬೆಲೆಯ ಚಿತ್ರದ ಪುಸ್ತಕಗಳು ಸಿಗುತ್ತವೆ. ಪುಟಕ್ಕೆ ಒಂದೆರಡು ಸಾಲು ಇರುವಂಥವು ಅರ್ಧದಷ್ಟಿರಲಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ', ರಾಜರತ್ನಂ ಅವರ ಶಿಶುಗೀತೆಗಳು ಇರಲೇಬೇಕು. ಸ್ವಲ್ಪ ದೊಡ್ಡವರಿಗೆ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು'. ಗೋಡೆಗೆ ಕರ್ನಾಟಕದ ಭೂಪಟ ಹಾಕಿ. ಒಂದೇ ವಾರದಲ್ಲಿ ನಿಮ್ಮ ತಾಲ್ಲೂಕಿನ ಜಾಗ ಬೆರಳಿನ ಕೊಳೆಗೆ ಕಪ್ಪಾಗುತ್ತದೆ.

ನಿಘಂಟಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಸಾಕು. ಎಂಟು ಸಂಪುಟದ ದೊಡ್ಡದು ನಿಮಗೆ ಬೇಡ. ಒಂದು ಇಂಗ್ಲಿಷ್-ಕನ್ನಡ ನಿಘಂಟಂತೂ ಬೇಕೇ ಬೇಕು.

ಕೊಳ್ಳುವುದು ಎಲ್ಲಿ? ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಲೈಬ್ರರಿಗೆ, ಹೋಗಿ ಅಲ್ಲಿ ಏನೇನಿದೆ ನೋಡಿ. ಅಲ್ಲಿರುವುದನ್ನೇ ಮತ್ತೆ ಕೊಂಡರೆ ದುಡ್ಡು ದಂಡ. ಬೆಂಗಳೂರು ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಅಕಾಡೆಮಿಗಳ ಪುಸ್ತಕ ಸಿಗುತ್ತವೆ. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ದೊಡ್ಡದಾಗಿರುತ್ತದೆ, ಅಲ್ಲಿಯವರೆಗೆ ಕಾಯಬಹುದಾದರೆ ಕಾಯಿರಿ. ಖಾಸಗಿ ಪ್ರಕಾಶಕರಿಗೆ ಊರ ಲೈಬ್ರರಿ ಅಂತ ಹೇಳಿ ಒಂದೇ ಸಲ ಹತ್ತು ಹದಿನೈದು ಪುಸ್ತಕ ಕೇಳಿದರೆ ಅವರೂ ಬೆಲೆ ಇಳಿಸುತ್ತಾರೆ. ಸಂಕೋಚ ಬೇಡ, ಕೇಳಿ. ದಾನ ಕೊಡುವವರಿಗೆ ಮಾತ್ರ ಒಂದು ಷರತ್ತು ಹಾಕಿ: ಕೊಟ್ಟದ್ದರಲ್ಲಿ ಯಾವುದು ಇಡಬೇಕು, ಯಾವುದು ರದ್ದಿಗೆ ಅನ್ನುವುದು ನಿಮ್ಮ ತೀರ್ಮಾನ.

ಈಗ ಆ 10,000. ಒಂದು ಉದ್ದ ನೋಟ್‌ಬುಕ್ ಇಡಿ. ಯಾರು ಯಾವ ಪುಸ್ತಕ ಒಯ್ದರು ಅಂತ ಒಂದು ಕಡೆ ಬರೆಯಿರಿ, ಅದು ಎಲ್ಲರೂ ಮಾಡುತ್ತಾರೆ. ಹಿಂದಿನ ಪುಟಗಳಲ್ಲಿ ಇನ್ನೊಂದು ಬರೆಯಿರಿ: ಕೇಳಿದ್ದು, ನಮ್ಮಲ್ಲಿ ಇರಲಿಲ್ಲ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ದಾರಿ ಹಾಕಿಕೊಟ್ಟ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನುವುದು ಅದರಲ್ಲಿ ಎರಡು. ಪರೀಕ್ಷೆಗೆ ಅಂತ ನಾನು ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಈ ಹಿಂದಿನ ಪುಟಗಳನ್ನು ಬರೆಯಲು ಶುರು ಮಾಡಿದ ಮೇಲೆ. ಒಬ್ಬ ಟೈಲರ್ ಹೆಂಗಸು ಬ್ಲೌಸಿನ ಡಿಸೈನಿನ ಪುಸ್ತಕ ಇದೆಯಾ ಅಂತ ಮೂರು ಸಲ ಕೇಳಿದ್ದರು. ತರಿಸಿಕೊಟ್ಟೆ. ಆಮೇಲೆ ಅವರು ಒಯ್ದ ಪುಸ್ತಕಗಳ ಪಟ್ಟಿ ನೋಡಿದರೆ ಡಿಸೈನಿನ ಪುಸ್ತಕದ ಕೆಳಗೆ ಒಂದು ತ್ರಿವೇಣಿ, ಎರಡು ಇಂದಿರಾ, ಆಮೇಲೆ ವೈದೇಹಿ. ಆರು ತಿಂಗಳಾದ ಮೇಲೆ ನಿಮ್ಮ ಹಿಂದಿನ ಪುಟಗಳನ್ನು ತೆಗೆದು ಆ 10,000 ಖರ್ಚು ಮಾಡಿ. ಆಗ ನನ್ನ ಪಟ್ಟಿ ನಿಮಗೆ ಬೇಕಾಗುವುದಿಲ್ಲ.

ನೀವು ಬರೆಯದೇ ಬಿಟ್ಟ ಒಂದು ವಿಷಯ ಉಳಿಯಿತು. ಬಾಗಿಲು ಯಾವಾಗ ತೆಗೆಯುತ್ತೀರಿ? ಬೆಳಿಗ್ಗೆ ಹತ್ತರಿಂದ ಐದು ಅಂದರೆ ಯಾರೂ ಬರುವುದಿಲ್ಲ. ಹೊಸ ಡೇರಿ ಪಕ್ಕದಲ್ಲೇ ಇದೆ ಅಂತೀರಿ. ಸಂಜೆ ಹಾಲು ಹಾಕುವ ಹೊತ್ತಿಗೆ ತೆಗೆಯಿರಿ, ಎರಡು ಗಂಟೆ ಸಾಕು. ಹೆಂಗಸರು ಕ್ಯಾನು ಹಿಡಿದು ಸಾಲಿನಲ್ಲಿ ಹೇಗಿದ್ದರೂ ನಿಂತಿರುತ್ತಾರೆ. ಹೊರಗಡೆ ಒಂದು ಬೆಂಚು ಹಾಕಿ ಹತ್ತು ಕಾದಂಬರಿ ಹರಡಿ ಇಡಿ. ಕೈ ಒದ್ದೆ ಇರುತ್ತದೆ, ಒರೆಸಿಕೊಳ್ಳಲು ಒಂದು ಟವಲ್ ಕೂಡ.